ಅರಮನೆಯ ವಾರ್ಡಿನ ಕಾಗದಗಳು

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗಾಗಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಒಂದು ಅರಮನೆಯೇ ಆಸ್ಪತ್ರೆಯಾಯಿತು. ಅಲ್ಲಿ ತೆಗೆದ ಫೋಟೊಗಳು ದೂರದೂರಕ್ಕೆ ಹೋದವು. ರೋಗಿಗಳ ಒಳಮಾತು ಮಾತ್ರ ಉಳಿದದ್ದು ಅವರನ್ನು ಅನುಮಾನಿಸಿದವರ ಕಡತದಲ್ಲಿ. ನರ್ಸುಗಳ, ವಾರ್ಡ್ ಕೆಲಸಗಾರರ ಮಾತು ಅಲ್ಲೂ ಉಳಿಯಲಿಲ್ಲ.

ದೊಡ್ಡ ಗುಮ್ಮಟದ ಅಡಿಯಲ್ಲಿ ಕಬ್ಬಿಣದ ಮಂಚಗಳು ಸಾಲುಗಟ್ಟಿವೆ. ಸಿಖ್ಖರು, ಪಠಾಣರು, ಗೂರ್ಖರು, ಗಢವಾಲಿಗಳು. ಕೆಲವರು ದಿಂಬಿಗೆ ಒರಗಿದ್ದಾರೆ, ಕೆಲವರು ಎದ್ದು ಪಕ್ಕದ ಮಂಚದವನ ಜತೆ ಮಾತಿಗೆ ಕೂತಿದ್ದಾರೆ. ಬ್ರೈಟನ್ನಿನ ‘ಡೋಮ್’ ಸಭಾಂಗಣದ ಈ ನೋಟವನ್ನು ಡಗ್ಲಸ್ ಫಾಕ್ಸ್-ಪಿಟ್ ಎಂಬ ಕಲಾವಿದ ಚಿತ್ರಿಸಿದ. ಫೋಟೊಗ್ರಾಫರುಗಳು ಮತ್ತೆ ಮತ್ತೆ ಕ್ಯಾಮೆರಾ ಹೂಡಿದರು. ಆ ಫೋಟೊಗಳು ಅಂಚೆ ಕಾರ್ಡುಗಳಾಗಿ ಮಾರಾಟವಾದವು. ಗಾಯಾಳುಗಳನ್ನು ಸಾಮ್ರಾಜ್ಯ ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಿದೆ ಎನ್ನುವುದಕ್ಕೆ ಅವೇ ಪುರಾವೆ. ಆದರೆ ಅದೇ ಮಂಚಗಳ ಮೇಲೆ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಬಲಗೈಗೆ ಪಟ್ಟಿ ಕಟ್ಟಿಸಿಕೊಂಡವನು, ಅಕ್ಷರ ಬಾರದವನು ಬರೆಯಬಲ್ಲವನೊಬ್ಬನನ್ನು ಪಕ್ಕಕ್ಕೆ ಕರೆದು ಊರಿಗೆ ಕಾಗದ ಬರೆಸುತ್ತಿದ್ದ. ಆ ಕಾಗದ ಪಂಜಾಬಿನ ಹಳ್ಳಿ ಸೇರುವ ಮೊದಲು ಬೇರೆಯವರ ಕಣ್ಣಿಗೆ ಬೀಳುತ್ತಿತ್ತು.

ಬ್ರೈಟನ್ ಹೊರವಲಯದ ದಿಬ್ಬದ ಮೇಲೆ, ಅಲ್ಲಿ ತೀರಿಕೊಂಡ ಸಿಪಾಯಿಗಳ ನೆನಪಿಗೆ ಕಟ್ಟಿದ ‘ಛತ್ರಿ’ಯ ಎದುರು ಪ್ರತಿ ಜೂನ್‌ನಲ್ಲಿ ಜನ ಸೇರಿ ಹೂವಿಡುತ್ತಾರೆ. ಆ ಹೊತ್ತಿಗೆ ಸರಿಯಾಗಿ ಹಳೆಯ ಫೋಟೊಗಳು ಮತ್ತೆ ಹೊರಬರುತ್ತವೆ. ಅವನ್ನು ನೋಡುವಾಗ ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಒಂದಿದೆ. ಒಂದು ಆಸ್ಪತ್ರೆಯ ನೆನಪು ಯಾರ ಮೂಲಕ ಉಳಿಯುತ್ತದೆ? ಆರೈಕೆ ಮಾಡಿದವರ ಮೂಲಕವೋ, ಆರೈಕೆ ಪಡೆದವರ ಮೂಲಕವೋ? ಬ್ರೈಟನ್ನಿನ ಉತ್ತರ ಕಹಿಯಾಗಿದೆ. ಯಾರು, ಯಾವ ಉದ್ದೇಶಕ್ಕಾಗಿ ಕಾಗದವನ್ನು ಜೋಪಾನ ಮಾಡಿದರು ಎನ್ನುವುದರ ಮೇಲೆ ಅದು ನಿಂತಿದೆ. ಪ್ರಚಾರಕ್ಕಾಗಿ ಫೋಟೊ ಉಳಿಯಿತು, ಅನುಮಾನಕ್ಕಾಗಿ ಪತ್ರ ಉಳಿಯಿತು. ಯಾರಿಗೂ ಯಾವ ಉಪಯೋಗಕ್ಕೂ ಬಾರದು ಎನಿಸಿದ ನೆನಪುಗಳು, ಅಂದರೆ ನರ್ಸುಗಳ ಮತ್ತು ವಾರ್ಡ್ ಕೆಲಸಗಾರರ ನೆನಪುಗಳು, ಬಹುಪಾಲು ಅಳಿದೇ ಹೋದವು.

ಕಥೆಯ ಹಿನ್ನೆಲೆ ಇಷ್ಟು. 1914ರ ಸೆಪ್ಟೆಂಬರ್ ಕೊನೆಯಿಂದ ಲಾಹೋರ್ ಮತ್ತು ಮೀರಠ್ ಡಿವಿಜನ್ನುಗಳ ಭಾರತೀಯ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಇಳಿದರು. ಅಕ್ಟೋಬರ್ ಮುಗಿಯುವ ಮೊದಲೇ ಅವರಲ್ಲಿ ಹಲವರನ್ನು ಬೆಲ್ಜಿಯಮ್ಮಿನ ಈಪ್ರ್ ಸುತ್ತಲಿನ ಕಂದಕಗಳಿಗೆ ಇಳಿಸಲಾಯಿತು. ಚಳಿಗಾಲದ ಬಟ್ಟೆ ಸಾಲದು, ಕಂದಕಗಳಲ್ಲಿ ನೀರು, ಎದುರಿಗೆ ಅವರು ಹಿಂದೆಂದೂ ಕಾಣದಷ್ಟು ಫಿರಂಗಿ. ಗಾಯಾಳುಗಳ ಸಂಖ್ಯೆ ಏರಿತು. ಫ್ರಾನ್ಸಿನ ಆಸ್ಪತ್ರೆಗಳು ತುಂಬಿದ ಮೇಲೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಜಾಗ ಹುಡುಕಬೇಕಾಯಿತು. ಬ್ರೈಟನ್ನಿನಲ್ಲಿ ಮೂರು ಕಡೆ ಆಸ್ಪತ್ರೆ ಎದ್ದವು. ರಾಯಲ್ ಪೆವಿಲಿಯನ್ ಮತ್ತು ಅದಕ್ಕೆ ಸೇರಿದ ಡೋಮ್, ಕಾರ್ನ್ ಎಕ್ಸ್‌ಚೇಂಜ್ ಒಂದು. ಯಾರ್ಕ್ ಪ್ಲೇಸ್ ಶಾಲೆ ಇನ್ನೊಂದು. ಬಡವರನ್ನು ದುಡಿಸಿಕೊಳ್ಳುತ್ತಿದ್ದ ಹಳೆಯ ವರ್ಕ್‌ಹೌಸ್ ಕಟ್ಟಡ ಮೂರನೆಯದು. ಈ ಮೂರನೆಯದಕ್ಕೆ ಕಿಚನರ್ ಇಂಡಿಯನ್ ಹಾಸ್ಪಿಟಲ್ ಎಂದು ಹೆಸರಿಟ್ಟರು. ಈ ಆಸ್ಪತ್ರೆಗಳಲ್ಲಿ ಮಲಗಿದವರಲ್ಲಿ ಹೆಚ್ಚಿನವರು ಪಂಜಾಬ್, ಗಡಿನಾಡು, ಗಢವಾಲ್, ನೇಪಾಳದ ಕಡೆಯವರು. ಕೆಲವು ಜನಾಂಗಗಳು ಮಾತ್ರ ಯುದ್ಧಕ್ಕೆ ಲಾಯಕ್ಕು ಎಂಬ ಬ್ರಿಟಿಷ್ ನಂಬಿಕೆ ದಕ್ಷಿಣ ಭಾರತದ ಬಹಳಷ್ಟು ಜನರನ್ನು ಸೈನ್ಯದ ಭರ್ತಿಯಿಂದ ದೂರವಿಟ್ಟಿತ್ತು. ನಮ್ಮ ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದು ಈಜಿಪ್ಟ್, ಪ್ಯಾಲೆಸ್ತೀನ್ ಕಡೆ. 1918ರ ಸೆಪ್ಟೆಂಬರ್‌ನ ಹೈಫಾ ಕಾಳಗದಿಂದ ಅವರ ಹೆಸರು ಉಳಿದಿದೆ.

ಅರಮನೆ ಆಸ್ಪತ್ರೆಯಾದದ್ದು ಹೀಗೆ
• ಹೊರಗೆ ಭಾರತೀಯ ಶೈಲಿಯ ಗುಮ್ಮಟ, ಒಳಗೆ ಚೀನೀ ಶೈಲಿಯ ಅಲಂಕಾರ. ಪೆವಿಲಿಯನ್ನಿಗೆ ಈ ರೂಪ ಕೊಟ್ಟದ್ದು ವಾಸ್ತುಶಿಲ್ಪಿ ಜಾನ್ ನ್ಯಾಶ್. ಕಟ್ಟಿಸಿದ್ದು ಮುಂದೆ ನಾಲ್ಕನೇ ಜಾರ್ಜ್ ಆದ ಯುವರಾಜ.
• 1914ರ ಡಿಸೆಂಬರ್‌ನಿಂದ 1916ರ ಆರಂಭದವರೆಗೆ ಭಾರತೀಯರ ಆಸ್ಪತ್ರೆ. ಹಾಸಿಗೆ 700ಕ್ಕೂ ಹೆಚ್ಚು, ಚಿಕಿತ್ಸೆ ಪಡೆದವರು 2,300ಕ್ಕೂ ಹೆಚ್ಚು.
• ಅರಮನೆಯ ದೊಡ್ಡ ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಜಾತಿ, ಧರ್ಮಗಳ ಕಟ್ಟುಪಾಡಿಗೆ ತಕ್ಕಂತೆ 9 ಅಡುಗೆಮನೆಗಳನ್ನು ಹೊರಗೆ ಬೇರೆಯಾಗಿ ಹೂಡಲಾಯಿತು. ಹಿಂದೂಗಳಿಗೂ ಮುಸ್ಲಿಮರಿಗೂ ನೀರಿನ ನಲ್ಲಿ ಬೇರೆ ಬೇರೆ.
• ಭಾರತೀಯರ ನಂತರ ಕೈಕಾಲು ಕಳೆದುಕೊಂಡ ಬ್ರಿಟಿಷ್ ಸೈನಿಕರ ಆಸ್ಪತ್ರೆಯಾಗಿ 1920ರವರೆಗೆ ನಡೆಯಿತು.

ಮೊದಲು ಫೋಟೊಗಳ ಮಾತು. ಅವು ಸುಳ್ಳಲ್ಲ, ಹಾಸಿಗೆ ಇತ್ತು, ಹೊದಿಕೆ ಇತ್ತು, ಸರಿಯಾದ ಔಷಧೋಪಚಾರ ಇತ್ತು. ಆದರೆ ಆ ಕಾಲದ ಪುಸ್ತಿಕೆ, ಅಂಚೆ ಕಾರ್ಡು, ಪತ್ರಿಕೆಯ ವರದಿಗಳೆಲ್ಲ ಸೇರಿ ಒಂದು ನಂಬಿಕೆಯನ್ನು ಕಟ್ಟಿದವು: ದೊರೆ ಐದನೇ ಜಾರ್ಜ್ ತನ್ನ ಸ್ವಂತ ಅರಮನೆಯನ್ನು ಸಿಪಾಯಿಗಳಿಗೆ ಬಿಟ್ಟುಕೊಟ್ಟ. ಅದು ದೊರೆಯ ಅರಮನೆಯಾಗಿ ಉಳಿದಿರಲೇ ಇಲ್ಲ. ವಿಕ್ಟೋರಿಯಾ ರಾಣಿಗೆ ಆ ಜಾಗ ಹಿಡಿಸದೆ 1850ರಲ್ಲೇ ಅದು ಬ್ರೈಟನ್ ಪಟ್ಟಣದ ಆಡಳಿತಕ್ಕೆ ಮಾರಾಟವಾಗಿತ್ತು. ಆಸ್ಪತ್ರೆ ಮಾಡುವಾಗ ಅದು ಪಟ್ಟಣದ ಸ್ವತ್ತು. ಆದರೂ ಸಿಪಾಯಿಗಳ ಅನೇಕ ಪತ್ರಗಳಲ್ಲಿ ದೊರೆಯ ಅರಮನೆಯ ಮಾತು ಬರುತ್ತದೆ, ಹೆಮ್ಮೆಯಿಂದ ಬರುತ್ತದೆ. ರೋಗಿಯ ಮಾತು ಕೂಡ ರೋಗಿಗೆ ತಿಳಿಸಿದ್ದನ್ನೇ ಹೇಳಬಹುದು ಎಂಬ ಎಚ್ಚರಿಕೆಯನ್ನು ಇಲ್ಲಿಂದಲೇ ಕಲಿಯಬೇಕು. ದೊರೆ ಮತ್ತು ರಾಣಿ ಆಸ್ಪತ್ರೆಗೆ ಭೇಟಿ ಕೊಟ್ಟದ್ದು ನಿಜ. 1915ರ ಆಗಸ್ಟ್‌ನಲ್ಲಿ ಪೆವಿಲಿಯನ್ನಿನ ತೋಟದಲ್ಲಿ ಜಮಾದಾರ್ ಮೀರ್ ದಸ್ತ್ ಎಂಬ ಗಾಯಾಳುವಿನ ಎದೆಗೆ ದೊರೆಯೇ ವಿಕ್ಟೋರಿಯಾ ಕ್ರಾಸ್ ಪದಕ ತೊಡಿಸಿದ. ಆ ಫೋಟೊ ಪ್ರಸಿದ್ಧ. ಏಪ್ರಿಲ್‌ನಲ್ಲಿ ಈಪ್ರ್ ಬಳಿ ಜರ್ಮನರು ಬಿಟ್ಟ ವಿಷಗಾಳಿಯ ನಡುವೆ ಮೀರ್ ದಸ್ತ್ ತೋರಿದ ಧೈರ್ಯಕ್ಕೆ ಆ ಪದಕ. ಪದಕ ದೊಡ್ಡದೇ, ಆದರೆ ಆ ವಿಷಗಾಳಿ ತನ್ನನ್ನು ನೆಮ್ಮದಿಯಾಗಿರಲು ಬಿಡುತ್ತಿಲ್ಲ, ತನ್ನ ಕಥೆ ಮುಗಿದಂತೆಯೇ ಎಂದು ಆತ ಊರಿಗೆ ಬರೆದುಕೊಂಡದ್ದು ಮಾತ್ರ ಫೋಟೊದಲ್ಲಿಲ್ಲ. ಅದು ಸಿಕ್ಕುವುದು ಸೆನ್ಸಾರ್ ಕಡತದಲ್ಲಿ.

ಈ ಕಡತ ಹುಟ್ಟಿದ್ದಕ್ಕೆ ಕಾರಣ ಭಯ. ಬ್ರಿಟಿಷರ ವಿರುದ್ಧ ಎತ್ತಿಕಟ್ಟುವ ಬರಹಗಳು ಸಿಪಾಯಿಗಳ ಕೈ ಸೇರುತ್ತಿವೆ ಎಂಬ ಗುಮಾನಿಯಿಂದ 1914ರ ಶರತ್ಕಾಲದಲ್ಲಿ ಭಾರತೀಯರ ಅಂಚೆಯನ್ನು ಒಡೆದು ನೋಡುವ ಏರ್ಪಾಟಾಯಿತು. ಫ್ರಾನ್ಸಿನ ಬುಲೋನ್ ಪಟ್ಟಣದಲ್ಲಿ ಕಚೇರಿ. ಅದರ ಮುಖ್ಯಸ್ಥ ಇ. ಬಿ. ಹೊವೆಲ್ ಎಂಬ ಅಧಿಕಾರಿ, ಭಾರತದಲ್ಲಿ ಕೆಲಸ ಮಾಡಿ ಇಲ್ಲಿನ ಭಾಷೆಗಳನ್ನು ಬಲ್ಲವನು. ಎಲ್ಲ ಪತ್ರಗಳನ್ನೂ ಓದುವುದು ಆಗದ ಮಾತು. ಆಯ್ದು ಓದಿ, ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ, ಸಿಪಾಯಿಗಳ ಮನಸ್ಥಿತಿ ಹೇಗಿದೆ ಎಂದು ಮೇಲಿನವರಿಗೆ ನಿಯಮಿತವಾಗಿ ವರದಿ ಕಳಿಸುತ್ತಿದ್ದರು. ಬಹುತೇಕ ಪತ್ರಗಳನ್ನು ತಡೆಯದೆ ಮುಂದಕ್ಕೆ ಬಿಡುತ್ತಿದ್ದರು. ಹಳ್ಳಿ ತಲುಪಿದ ಮೂಲ ಕಾಗದಗಳು ಗೆದ್ದಲಿಗೋ ಮಳೆಗೋ ಕಾಲಕ್ಕೋ ಸಂದುಹೋದವು. ಉಳಿದದ್ದು ವರದಿಗಳ ಜತೆ ಲಗತ್ತಿಸಿದ ಇಂಗ್ಲಿಷ್ ಅನುವಾದ. ಅವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. 1999ರಲ್ಲಿ ಇತಿಹಾಸಕಾರ ಡೇವಿಡ್ ಒಮಿಸ್ಸಿ ಅವುಗಳಿಂದ 600ಕ್ಕೂ ಹೆಚ್ಚು ಪತ್ರಗಳನ್ನು ಆರಿಸಿ ಪುಸ್ತಕ ತಂದ ಮೇಲೆ ಈ ದನಿಗಳು ಹೆಚ್ಚು ಜನರಿಗೆ ಕೇಳಿಸಿದವು. ಪತ್ರಗಳಲ್ಲಿ ಪದ್ಯಗಳು ಹೆಚ್ಚಾಗುತ್ತಿರುವುದನ್ನು ಗಮನಿಸಿದ ಹೊವೆಲ್, ಇದು ಮನಸ್ಸು ಕಲಕಿರುವುದರ ಅಪಶಕುನದ ಲಕ್ಷಣ ಎಂದು 1915ರ ಆರಂಭದಲ್ಲೇ ಮೇಲಿನವರಿಗೆ ಬರೆದ. ಜ್ವರ ಅಳೆಯುವವರು ಇದ್ದ ಆಸ್ಪತ್ರೆಗಳಲ್ಲಿ ಸಂಕಟವನ್ನು ಅಳೆದವನು ಪತ್ರ ಕದ್ದು ಓದುವ ಅಧಿಕಾರಿ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದದ್ದೇ. ತಮ್ಮ ಪತ್ರವನ್ನು ಯಾರೋ ಓದುತ್ತಾರೆಂದು ಸಿಪಾಯಿಗಳಿಗೆ ಗೊತ್ತಿತ್ತು. ಹೇಳಿದವನೊಬ್ಬ, ಬರೆದವನಿನ್ನೊಬ್ಬ, ಅನುವಾದಿಸಿದವನು ಮತ್ತೊಬ್ಬ, ಆರಿಸಿದವನು ಸರ್ಕಾರದವನು. ಇಷ್ಟು ಕೈ ದಾಟಿ ಬಂದದ್ದನ್ನು ರೋಗಿಯ ದನಿ ಎಂದು ಹೇಗೆ ನಂಬುವುದು? ನಂಬಬೇಕಾದದ್ದು ಒಂಟಿ ಪತ್ರವನ್ನಲ್ಲ, ಗುಂಪನ್ನು. ಒಂದೇ ವಾರ್ಡಿನಿಂದ, ಬೇರೆ ಬೇರೆ ಭಾಷೆಯವರಿಂದ, ಬೇರೆ ಬೇರೆ ಬರಹಗಾರರ ಕೈಯಿಂದ ಬಂದ ಕಾಗದಗಳು ಒಂದೇ ಕೊರಗನ್ನು ಹೇಳುವಾಗ ಅದನ್ನು ಯಾರೋ ಒಬ್ಬ ಕಲ್ಪಿಸಿದ್ದೆನ್ನಲಾಗದು. ಬ್ರೈಟನ್ನಿನಿಂದ ಹೊರಟ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ದೂರು ಊಟದ್ದಲ್ಲ, ಔಷಧದ್ದಲ್ಲ. ಒಮ್ಮೆ ಗಾಯಗೊಂಡು ಗುಣವಾದವನನ್ನು ಮತ್ತೆ ಅದೇ ಕಂದಕಕ್ಕೆ ಕಳಿಸುತ್ತಾರೆ ಎಂಬುದು. ಪದಕ ಪಡೆದ ಮೀರ್ ದಸ್ತ್ ದೊರೆಯ ಎದುರಿಗೇ ಇದೇ ಅರಿಕೆ ಮಾಡಿಕೊಂಡನೆಂದು ಆ ಕಾಲದ ಪತ್ರ ಹೇಳುತ್ತದೆ. ಹಿಂದೂಸ್ತಾನಕ್ಕೆ ಹಿಂದಿರುಗುವ ಆಸೆ ಕಳೆದುಕೊಂಡವರು, ಇದು ಯುದ್ಧವೆನ್ನುವುದಕ್ಕಿಂತ ಲೋಕದ ಅಂತ್ಯವೆಂದು ನಂಬಿದವರು ಆ ಹಾಸಿಗೆಗಳ ಮೇಲಿದ್ದರು.

ಇನ್ನೊಂದು ಮಾತು. ಸೆನ್ಸಾರ್ ಇದ್ದದ್ದರಿಂದ ಪತ್ರಗಳು ಸುಳ್ಳಾಗಲಿಲ್ಲ, ಚುರುಕಾದವು. ಕರಿಮೆಣಸು ಮುಗಿಯುತ್ತ ಬಂದಿದೆ, ಕೆಂಪು ಮೆಣಸನ್ನು ಅಪರೂಪಕ್ಕೆ ಮಾತ್ರ ಬಳಸುತ್ತಿದ್ದಾರೆ ಎಂಬರ್ಥದ ಸಾಲುಗಳನ್ನು ಬರೆದ ಗಾಯಾಳುವಿನ ಮನಸ್ಸಿನಲ್ಲಿ ಮಸಾಲೆ ಇರಲಿಲ್ಲ. ಕಪ್ಪು ಸಿಪಾಯಿಗಳನ್ನು ಮುಂದಿಟ್ಟು ಬಿಳಿಯರನ್ನು ಹಿಂದಿಟ್ಟುಕೊಳ್ಳುತ್ತಿದ್ದಾರೆ ಎಂಬ ಆರೋಪವನ್ನು ಆತ ಅಡುಗೆಮನೆಯ ಮಾತಿನಲ್ಲಿ ಊರಿಗೆ ದಾಟಿಸಿದ. ಅಧಿಕಾರಿಗಳು ಅದನ್ನು ಒಡೆದು ಓದಿದರು, ಅರ್ಥ ಬರೆದಿಟ್ಟರು. ಆ ಆರೋಪ ಸೈನ್ಯದ ಲೆಕ್ಕದಲ್ಲಿ ಎಷ್ಟು ನಿಜ ಎನ್ನುವುದು ಬೇರೆ ಚರ್ಚೆ. ಆದರೆ ಮಂಚದ ಮೇಲೆ ಮಲಗಿದವನು ಹಾಗೆ ನಂಬಿದ್ದ, ಆ ನಂಬಿಕೆಯನ್ನು ಮುಚ್ಚಿಟ್ಟು ಹೇಳುವ ಅಗತ್ಯ ಅವನಿಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗದು. ಯಾವ ಕೇಸ್ ಶೀಟಿನಲ್ಲೂ ಇದು ದಾಖಲಾಗುವ ಸಂಗತಿಯಲ್ಲ.

ಎರಡನೇ ಆಕ್ಷೇಪ: ಆರೈಕೆ ಚೆನ್ನಾಗಿತ್ತಲ್ಲ, ಮತ್ತೇಕೆ ತಪ್ಪು ಹುಡುಕಬೇಕು? ಆರೈಕೆ ಚೆನ್ನಾಗಿತ್ತು ಎಂದು ಸಿಪಾಯಿಗಳೇ ಬರೆದಿದ್ದಾರೆ. ಸ್ವಚ್ಛ ಹಾಸಿಗೆ, ಹಾಲು, ಹಣ್ಣು, ವೈದ್ಯರ ಕಾಳಜಿಯನ್ನು ಮನಸಾರೆ ಹೊಗಳಿದ್ದಾರೆ. ಅದನ್ನು ಅಲ್ಲಗಳೆಯುವುದು ಅವರಿಗೇ ಅಗೌರವ. ಆದರೆ ಒಳ್ಳೆಯ ಆರೈಕೆ ಮತ್ತು ಸೆರೆ ಎರಡೂ ಒಂದೇ ಸೂರಿನಡಿ ಇರಬಲ್ಲವು ಎನ್ನುವುದನ್ನು ಕಿಚನರ್ ಆಸ್ಪತ್ರೆಯ ದಾಖಲೆಗಳಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೆ ಇಲ್ಲ. ಅದರ ಮುಖ್ಯಸ್ಥ ಕರ್ನಲ್ ಬ್ರೂಸ್ ಸೆಟನ್ ದಕ್ಷ ವೈದ್ಯ, ಅಷ್ಟೇ ಕಠಿಣ ಆಡಳಿತಗಾರ. ಸ್ಥಳೀಯ ಬಿಳಿ ಹೆಂಗಸರ ಜತೆ ಸಿಪಾಯಿಗಳ ಒಡನಾಟ ಬೆಳೆದೀತು, ಸಾಮ್ರಾಜ್ಯದ ಮಾನ ಹೋದೀತು ಎಂಬ ಹೆದರಿಕೆಯಲ್ಲಿ ಆತ ಆಸ್ಪತ್ರೆಯ ಗೋಡೆಗೆ ಮುಳ್ಳುತಂತಿ ಹಾಕಿಸಿದ, ಕಾವಲು ನಿಲ್ಲಿಸಿದ. ರೋಗಿಗಳು ಮಾತ್ರವಲ್ಲ, ಭಾರತೀಯ ಸಿಬ್ಬಂದಿಯೂ ಇಷ್ಟ ಬಂದಂತೆ ಹೊರಗೆ ಹೋಗುವಂತಿರಲಿಲ್ಲ. ಪತ್ರಗಳಲ್ಲಿ ಆಸ್ಪತ್ರೆಗೆ ಜೈಲೆಂಬ ಹೆಸರು ಬಂತು. ಗೋಡ್ಬೋಲೆ ಎಂಬ ಸಬ್-ಅಸಿಸ್ಟೆಂಟ್ ಸರ್ಜನ್ ಈ ನಿರ್ಬಂಧಗಳಿಗೆ ರೋಸಿ ಸೆಟನ್ನನ ಮೇಲೆಯೇ ಗುಂಡು ಹಾರಿಸಲು ಹೊರಟ. ಅವನಿಗೆ ಸೆರೆವಾಸದ ಶಿಕ್ಷೆಯಾಯಿತು. ವೈದ್ಯಕೀಯ ಸಿಬ್ಬಂದಿಯವನೊಬ್ಬ ಆ ಹಂತಕ್ಕೆ ಹೋದದ್ದನ್ನು ಒಬ್ಬನ ಹುಚ್ಚು ಎಂದು ತಳ್ಳಿಹಾಕಲು, ಅದೇ ಹೊತ್ತಿಗೆ ಅದೇ ಕಟ್ಟಡದಿಂದ ಹೊರಟ ಪತ್ರಗಳು ಅವಕಾಶ ಕೊಡುವುದಿಲ್ಲ.

ಆದರೆ ಅದೇ ಸೆಟನ್ ಇನ್ನೊಂದು ಕೆಲಸ ಮಾಡಿದ. ಅದನ್ನು ಹೇಳದಿದ್ದರೆ ಅವನಿಗೂ ದಾಖಲೆಗೂ ಅನ್ಯಾಯ. ಯುದ್ಧದ ಮೊದಲ ತಿಂಗಳುಗಳಲ್ಲಿ ಭಾರತೀಯರಲ್ಲಿ ಕೈಗೆ ಗಾಯವಾದವರು ಬಹಳ ಎಂದು ಕಂಡಾಗ, ತಾವೇ ಗುಂಡು ಹೊಡೆದುಕೊಂಡು ರಣರಂಗದಿಂದ ತಪ್ಪಿಸಿಕೊಳ್ಳುತ್ತಿದ್ದಾರೆಂಬ ಗುಲ್ಲು ಸೈನ್ಯದಲ್ಲಿ ಹಬ್ಬಿತ್ತು. ಸೆಟನ್ 1915ರಲ್ಲಿ ತನ್ನ ಆಸ್ಪತ್ರೆಗೆ ಬಂದ 1,000 ಗಾಯಗಳನ್ನು ಒಂದೊಂದಾಗಿ ವಿಂಗಡಿಸಿ, ಯಾವ ಅಂಗ, ಎಂಥ ಗಾಯ, ಯಾವುದರಿಂದ ಆದದ್ದು ಎಂದು ಲೆಕ್ಕ ಹಾಕಿದ. ಬೆರಳೆಣಿಕೆಯ ಕೆಲವನ್ನು ಬಿಟ್ಟರೆ ಆ ಆರೋಪಕ್ಕೆ ಆಧಾರವೇ ಇಲ್ಲ ಎಂದು ಗುಟ್ಟಿನ ವರದಿ ಸಲ್ಲಿಸಿದ. ಗೋಡೆಗೆ ತಂತಿ ಹಾಕಿಸಿದವನ ರಿಜಿಸ್ಟರೇ ಸಿಪಾಯಿಗಳ ಮೇಲಿನ ಕಳಂಕವನ್ನು ತೊಳೆಯಿತು. ಇದು ನನ್ನ ವಾದಕ್ಕೆ ಬಹಳ ಮುಖ್ಯ. ಆಡಳಿತದ ದಾಖಲೆಗಳೆಲ್ಲ ಆಳುವವರ ಪರವಾದ ಸುಳ್ಳು ಎಂದು ಬಿಸಾಡುವವರಿದ್ದಾರೆ. ರೋಗಿಗಳ ನೆನಪೆಲ್ಲ ಭಾವುಕತೆ ಎಂದು ಬದಿಗಿಡುವವರೂ ಇದ್ದಾರೆ. ಬ್ರೈಟನ್ನಿನಲ್ಲಿ ಎರಡೂ ನಿಲ್ಲುವುದಿಲ್ಲ. ಗಾಯದ ಲೆಕ್ಕ ಇಲ್ಲದಿದ್ದರೆ ಸಿಪಾಯಿಯ ಮಾನ ಉಳಿಯುತ್ತಿರಲಿಲ್ಲ. ಪತ್ರ ಇಲ್ಲದಿದ್ದರೆ ಗಾಯ ವಾಸಿಯಾದ ಮೇಲೆ ಅವನಿಗೆ ಏನು ಕಾದಿತ್ತೆಂದು ಗೊತ್ತಾಗುತ್ತಿರಲಿಲ್ಲ.

ಛತ್ರಿ: ಹೆಸರು ಬರಲು 89 ವರ್ಷ
• ಬ್ರೈಟನ್ನಿನಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನು ಪ್ಯಾಚಮ್ ಬಳಿಯ ದಿಬ್ಬದ ಮೇಲೆ ದಹನ ಮಾಡಲಾಯಿತು. ಅವರು 53 ಮಂದಿ. ಮುಸ್ಲಿಮ್ ಸಿಪಾಯಿಗಳನ್ನು ವೋಕಿಂಗ್‌ನ ಶಾಜಹಾನ್ ಮಸೀದಿಗೆ ಸಮೀಪದ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು.
• ದಹನದ ಜಾಗದಲ್ಲಿ ಅಮೃತಶಿಲೆಯ ಛತ್ರಿ. ವಿನ್ಯಾಸ ಮುಂಬೈನ ಇ. ಸಿ. ಹೆನ್ರಿಕ್ಸ್ ಎಂಬ ಯುವ ವಾಸ್ತುಶಿಲ್ಪಿಯದು. 1921ರ ಫೆಬ್ರುವರಿ 1ರಂದು ಬ್ರಿಟನ್ನಿನ ಯುವರಾಜ ಅನಾವರಣ ಮಾಡಿದ.
• ಆ 53 ಮಂದಿಯ ಹೆಸರು ಕೆತ್ತಿದ ಕಲ್ಲು ಅದರ ಪಕ್ಕದಲ್ಲಿ ಎದ್ದದ್ದು 2010ರಲ್ಲಿ.

ಇನ್ನು ನರ್ಸುಗಳ ವಿಷಯ. ಆಸ್ಪತ್ರೆ ಎಂದೊಡನೆ ನರ್ಸ್ ಕಣ್ಣಿಗೆ ಬರುತ್ತಾಳೆ. ಈ ಆಸ್ಪತ್ರೆಗಳ ಕಥೆಯಲ್ಲಿ ಆಕೆಯ ಜಾಗ ಹೆಚ್ಚುಕಡಿಮೆ ಖಾಲಿ. ಬಿಳಿ ಹೆಂಗಸು ಕಂದುಬಣ್ಣದ ಗಂಡಸಿನ ಮೈ ಮುಟ್ಟಿ ಶುಶ್ರೂಷೆ ಮಾಡುವುದನ್ನು ಸೈನ್ಯದ ದೊಡ್ಡವರು ಒಪ್ಪಲಿಲ್ಲ. ಇದ್ದ ನರ್ಸುಗಳ ಕೆಲಸ ಮೇಲ್ವಿಚಾರಣೆ. ಗಾಯ ತೊಳೆಯುವುದು, ಮೈ ಒರೆಸುವುದು ಗಂಡಸರಾದ ಆರ್ಡರ್ಲಿಗಳ ಪಾಲಿಗೆ. 1915ರ ಮೇ ತಿಂಗಳಲ್ಲಿ ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆ ಒಂದು ಫೋಟೊ ಅಚ್ಚು ಹಾಕಿತು. ಗಾಯಾಳು ಖುದಾದಾದ್ ಖಾನ್, ಪಕ್ಕದಲ್ಲಿ ನಿಂತ ಒಬ್ಬ ಬ್ರಿಟಿಷ್ ನರ್ಸ್. ಖುದಾದಾದ್ ಖಾನ್ ಸಾಮಾನ್ಯನಲ್ಲ, ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ. ಆದರೂ ಗದ್ದಲ ಎದ್ದಿತು. ಭಾರತೀಯ ಆಸ್ಪತ್ರೆಗಳಿಂದ ನರ್ಸುಗಳನ್ನು ಹಿಂದಕ್ಕೆ ಕರೆಸುವ ಆದೇಶ ಹೊರಟಿತು. ಬ್ರೋಕನ್‌ಹರ್ಸ್ಟ್‌ನಲ್ಲಿ ದೇಣಿಗೆಯ ಹಣದಿಂದ ನಡೆಯುತ್ತಿದ್ದ ಲೇಡಿ ಹಾರ್ಡಿಂಜ್ ಆಸ್ಪತ್ರೆ ಮಾತ್ರ ತನ್ನ ನರ್ಸುಗಳನ್ನು ಉಳಿಸಿಕೊಂಡಿತು. ಆ ಫೋಟೊದ ಮೇಲೆ ಪತ್ರಿಕೆ, ಸೈನ್ಯ, ಕಚೇರಿ ಎಲ್ಲರೂ ಮಾತಾಡಿದರು. ಅದರಲ್ಲಿ ನಿಂತಿದ್ದ ಹೆಂಗಸಿಗೆ ಏನನಿಸಿತು, ಆ ವಾರ್ಡು ಬಿಟ್ಟು ಹೋಗುವಾಗ ಉಳಿದ ನರ್ಸುಗಳು ತಮ್ಮ ರೋಗಿಗಳ ಬಗ್ಗೆ ಏನು ಹೇಳಿಕೊಂಡರು ಎಂಬುದಕ್ಕೆ ಆ ಕಡತಗಳಲ್ಲಿ ಜಾಗವಿರಲಿಲ್ಲ. ಅವರ ಪತ್ರಗಳನ್ನು ಯಾವ ಹೊವೆಲ್ ಕೂಡ ಹೀಗೆ ಅನುವಾದಿಸಿ ಜೋಡಿಸಿಡಲಿಲ್ಲ. ಅವರನ್ನು ಯಾರೂ ಆ ಮಟ್ಟಿಗೆ ಅನುಮಾನಿಸಲಿಲ್ಲವಲ್ಲ.

ನರ್ಸುಗಳಿಗಿಂತ ಕೆಳಗಿನ ಮೆಟ್ಟಿಲಲ್ಲಿ ಇದ್ದವರದು ಇನ್ನೂ ದೊಡ್ಡ ಮೌನ. ಅಡುಗೆಯವರು, ನೀರು ಹೊರುವವರು, ಕಕ್ಕಸು ತೊಳೆಯುವವರು ಸಿಪಾಯಿಗಳ ಜತೆಗೇ ಹಡಗು ಹತ್ತಿ ಬಂದಿದ್ದರು. ಅವರಲ್ಲಿ ಒಬ್ಬನ ಹೆಸರು ನಮಗೆ ಗೊತ್ತು: ಸುಖಾ. ಬ್ರೋಕನ್‌ಹರ್ಸ್ಟ್‌ನ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಗುಡಿಸಿ ತೊಳೆಯುವ ಕೆಲಸದವನು, ಅಸ್ಪೃಶ್ಯನೆನಿಸಿಕೊಂಡ ಜಾತಿಯವನು. 1915ರ ಜನವರಿ 12ರಂದು ತೀರಿಕೊಂಡ. ಅವನ ದೇಹವನ್ನು ಸುಡಲು ಹಿಂದೂಗಳು ಒಪ್ಪಲಿಲ್ಲ. ಹೂಳಲು ವೋಕಿಂಗ್‌ನ ಮುಸ್ಲಿಮ್ ಸ್ಮಶಾನದಲ್ಲೂ ಜಾಗ ಸಿಗಲಿಲ್ಲ ಎಂದು ಬ್ರೋಕನ್‌ಹರ್ಸ್ಟ್ ಊರು ನೆನಪಿಟ್ಟಿದೆ. ಕೊನೆಗೆ ಅಲ್ಲಿನ ಸಂತ ನಿಕೋಲಸ್ ಚರ್ಚಿನ ಪಾದ್ರಿ ತನ್ನ ಚರ್ಚಿನಂಗಳದಲ್ಲಿ ಜಾಗ ಕೊಟ್ಟ. ಊರವರು ಹಣ ಕೂಡಿಸಿ ಕಲ್ಲು ನಿಲ್ಲಿಸಿದರು. ಆತ ಕ್ರೈಸ್ತನಲ್ಲ ಎಂಬುದನ್ನೂ ಮುಚ್ಚಿಡದೆ ಅದರ ಮೇಲೆ ಕೆತ್ತಿಸಿದರು. ಸಾವಿರಾರು ಮೈಲಿ ದಾಟಿ, ಮಹಾಯುದ್ಧದ ನಡುವೆ, ರೋಗಿಗಳ ಮಲಮೂತ್ರ ಎತ್ತಿದವನ ಹಿಂದೆ ಜಾತಿ ಹಡಗು ಹತ್ತಿ ಬಂದಿತ್ತು. ಅವನನ್ನು ತಮ್ಮವನೆಂದು ಒಪ್ಪಿಕೊಂಡವರು ಇರಲಿಲ್ಲವಾದ್ದರಿಂದಲೇ ಅವನ ಹೆಸರು ಕಲ್ಲಿನ ಮೇಲೆ ಉಳಿಯಿತು. ಅವನಂತೆಯೇ ದುಡಿದು, ಎಲ್ಲಿಯೋ ಸುಸೂತ್ರವಾಗಿ ಅಂತ್ಯಸಂಸ್ಕಾರ ಕಂಡ ಇತರರ ಹೆಸರುಗಳು ನಮ್ಮ ನೆನಪಿಗೆ ಬಂದೇ ಇಲ್ಲ. ಬ್ರೈಟನ್ನಿನ ಬೆಡಗಿನ ಫೋಟೊಗಳ ಪಕ್ಕ ಈ ಗೋರಿಕಲ್ಲನ್ನೂ ಇಟ್ಟು ನೋಡಬೇಕು. ಸಾಮ್ರಾಜ್ಯದ ತಪ್ಪು ಎಣಿಸುವಾಗ ನಮ್ಮದನ್ನು ಬಿಡುವಂತಿಲ್ಲ.

ಮೂರನೇ ಆಕ್ಷೇಪ ನೈತಿಕವಾದದ್ದು. ಹೆಂಡತಿಗೆ, ಅಪ್ಪನಿಗೆ, ಅಣ್ಣನಿಗೆ ಬರೆದ ಖಾಸಗಿ ಕಾಗದಗಳನ್ನು ಅಂದು ಸರ್ಕಾರ ಕದ್ದು ಓದಿತು. ಇಂದು ನಾವು ಓದುವುದು ಅದೇ ಕಳವನ್ನು ಮುಂದುವರಿಸಿದಂತಲ್ಲವೇ? ಈ ಪ್ರಶ್ನೆಗೆ ಸುಲಭದ ಸಮಾಧಾನ ಇಲ್ಲ. ಆದರೆ ಆ ಕಾಗದಗಳನ್ನು ಮತ್ತೆ ಮುಚ್ಚಿಟ್ಟರೆ ಉಳಿಯುವುದು ಅಂಚೆ ಕಾರ್ಡಿನ ಫೋಟೊ, ಪುಸ್ತಿಕೆ ಮತ್ತು ಪದಕ ಮಾತ್ರ. ಓದುವ ಉದ್ದೇಶವೂ ಬೇರೆ. ಹೊವೆಲ್ ಓದಿದ್ದು ಸಿಪಾಯಿ ತಿರುಗಿಬೀಳುತ್ತಾನೆಯೇ ಎಂದು ತಿಳಿಯಲು. ನಾವು ಓದಬೇಕಾದ್ದು ಅವನಿಗೆ ಏನು ನೋಯುತ್ತಿತ್ತು ಎಂದು ತಿಳಿಯಲು. ಬದುಕಿರುವ ರೋಗಿಗಳ ಗುಟ್ಟು ಕಾಯುವ ಕರ್ತವ್ಯವನ್ನು ಇದು ಸಡಿಲಿಸುವುದಿಲ್ಲ. ಒಂದು ತಲೆಮಾರು ಪೂರ್ತಿ ಸರಿದ ಮೇಲೂ ಅವರ ಮಾತನ್ನು ಮುಚ್ಚಿಡುವುದರಿಂದ ಅವರಿಗಂತೂ ಲಾಭವಿಲ್ಲ.

ಈ ಕಥೆ ಕರ್ನಾಟಕದ ಓದುಗರಿಗೆ ಏಕೆ ಬೇಕು ಎಂದರೆ, ನಮ್ಮ ಹಳೆಯ ಆಸ್ಪತ್ರೆಗಳಿಗೂ ನೂರರ ಮೇಲೆ ವಯಸ್ಸಾಗಿದೆ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದು. ನಗರವನ್ನು 1898ರಲ್ಲಿ ಪ್ಲೇಗ್ ನಡುಗಿಸಿದ ಬೆನ್ನಿಗೇ, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳೆಯ ಮೈಸೂರಿಗರು ಈಗಲೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಇವುಗಳ ಶಂಕುಸ್ಥಾಪನೆ ಯಾರು ಮಾಡಿದರು, ಉದ್ಘಾಟನೆಗೆ ಯಾವ ವೈಸರಾಯ್ ಬಂದ ಎಂಬುದು ಕಲ್ಲಿನ ಮೇಲಿದೆ. ರಾತ್ರಿ ಪಾಳಿಯಲ್ಲಿ ಎದ್ದಿದ್ದವರು ಯಾರು, ಹೆರಿಗೆ ವಾರ್ಡಿನಲ್ಲಿ ಯಾವ ಊರಿನ ಹೆಂಗಸರು ಏನು ಹೇಳಿಕೊಂಡು ಅತ್ತರು ಎನ್ನುವುದನ್ನು ಯಾವ ಕಲ್ಲೂ ಹೇಳದು. ಅದು ಇದ್ದರೆ ಅಡ್ಮಿಶನ್ ರಿಜಿಸ್ಟರಿನಲ್ಲಿ, ನರ್ಸುಗಳು ಪಾಳಿ ಬದಲಿಸುವಾಗ ಬರೆದಿಡುವ ವರದಿ ಪುಸ್ತಕದಲ್ಲಿ, ನಿವೃತ್ತರಾದ ಸಿಸ್ಟರುಗಳ, ಆಯಾಗಳ, ವಾರ್ಡ್ ಬಾಯ್‌ಗಳ ನೆನಪಿನಲ್ಲಿ ಇರಬೇಕು. ಇದು ಆಗದ ಕೆಲಸವಲ್ಲ. ಹತ್ತೊಂಬತ್ತನೇ ಶತಮಾನದ ಮಾನಸಿಕ ಆಸ್ಪತ್ರೆಯಿಂದ ಬೆಳೆದ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತಮ್ಮಲ್ಲಿನ ಹಳೆಯ ದಾಖಲೆಗಳನ್ನು ಹುಡುಕಿ ಓದಿ ಅಲ್ಲಿನ ಚಿಕಿತ್ಸೆಯ ಇತಿಹಾಸ ಬರೆದಿದ್ದಾರೆ.

ಹಳೆಯ ಕಾಗದ ಇಟ್ಟುಕೊಳ್ಳಲು ಜಾಗವೆಲ್ಲಿ, ಹಣವೆಲ್ಲಿ, ಹಾಸಿಗೆಯೇ ಸಾಲದ ಆಸ್ಪತ್ರೆಯಲ್ಲಿ ಇತಿಹಾಸಕ್ಕೆ ಕೋಣೆ ಬೇಕೆ ಎಂದು ಆಡಳಿತದವರು ಕೇಳುವುದು ಸಹಜ. ಕೇಳಲಿ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳಿತು. ಅದರ ಕಾಳಜಿ ಇತಿಹಾಸವಲ್ಲ, ರೋಗಿಯ ಹಕ್ಕು ಮತ್ತು ವೈದ್ಯರ ಹೊಣೆ. ಆ ಅವಧಿ ಮುಗಿದ ಮೇಲಿನ ಕಾಗದ ಗುಜರಿಗೆ ಹೋಗುವುದನ್ನು ಆ ನಿಯಮ ತಡೆಯದು. ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ಯಾರೂ ಕೇಳುತ್ತಿಲ್ಲ. ಐವತ್ತು ವರ್ಷಕ್ಕಿಂತ ಹಳೆಯ ರಿಜಿಸ್ಟರುಗಳನ್ನು ಗುಜರಿಗೆ ಹಾಕುವ ಮುನ್ನ ರಾಜ್ಯ ಪತ್ರಾಗಾರಕ್ಕೆ ಒಮ್ಮೆ ತೋರಿಸುವುದು, ಪ್ರತಿ ದಶಕದ ಒಂದಷ್ಟು ಪುಸ್ತಕಗಳನ್ನಾದರೂ ಸ್ಕ್ಯಾನ್ ಮಾಡಿಸುವುದು, ನಿವೃತ್ತರಾಗುವ ಪ್ರತಿ ನರ್ಸ್ ಮತ್ತು ವಾರ್ಡ್ ಕೆಲಸಗಾರರ ಜತೆ ಒಂದು ಗಂಟೆ ಕೂತು ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು: ಇವುಗಳಿಗೆ ಬೇಕಾದ ಹಣ ಒಂದು ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಸುರಿಯುವುದಕ್ಕಿಂತ ಹೆಚ್ಚಲ್ಲ. ನರ್ಸಿಂಗ್ ಕಾಲೇಜುಗಳು ಇದನ್ನು ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಮಾಡಿಸಬಹುದು. ಮನೆಯಲ್ಲಿ ಹಿರಿಯ ಸಿಸ್ಟರೊಬ್ಬರು ಇದ್ದರೆ, ಕಂಪೌಂಡರ್ ಆಗಿದ್ದ ತಾತ ಇದ್ದರೆ, ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದ ಅಜ್ಜಿ ಇದ್ದರೆ ಈ ಭಾನುವಾರವೇ ಅವರ ಪಕ್ಕ ಕೂತು ಕೇಳಿ. ಅವರ ಹೆಸರು, ಅವರು ದುಡಿದ ವಾರ್ಡು, ಆ ವರ್ಷಗಳನ್ನು ಬರೆದಿಡಿ.